ಬಾಟಲಿಯೊಳಗೆ ಕಲ್ಲಿನ ತೋಟ

ಈ ತೋಟದ ಬೀಜ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಗೊಬ್ಬರದಂಗಡಿಗಳಲ್ಲೇ ಇದೆ: ಬೋರ್ಡೋ ದ್ರಾವಣಕ್ಕೆ ಒಯ್ಯುವ ಮೈಲುತುತ್ತ (ತಾಮ್ರದ ಸಲ್ಫೇಟ್), ಭತ್ತದ ಗದ್ದೆಗೆ ಹಾಕುವ ಜಿಂಕ್ ಸಲ್ಫೇಟ್, ಜೊತೆಗೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್). ಪುಡಿ ಬೇಡ, ಹರಳೇ ಕೇಳಿ. ಸೋಡಿಯಂ ಸಿಲಿಕೇಟಿಗೆ ಮಾತ್ರ ಮೈಸೂರಿನ ಕೆಮಿಕಲ್ ಅಂಗಡಿಗೆ ಹೋಗಬೇಕಾದೀತು.

ಹಂತ 1: ಕೈಗವಸು, ಕನ್ನಡಕ ಹಾಕಿಕೊಳ್ಳಿ. ಸಿಲಿಕೇಟ್ ಕ್ಷಾರ, ಕಣ್ಣಿಗೆ ಸಿಡಿದರೆ ಅಪಾಯ. ಮೈಲುತುತ್ತ ವಿಷ, ಮಕ್ಕಳ ಕೈಗೆ ಕೊಡಬೇಡಿ.

ಹಂತ 2: ಮತ್ತೆ ಅಡುಗೆಮನೆಗೆ ಮರಳದ ಗಾಜಿನ ಬಾಟಲಿಯಲ್ಲಿ ಒಂದು ಪಾಲು ಸಿಲಿಕೇಟಿಗೆ ನಾಲ್ಕು ಪಾಲು ನೀರು ಬೆರೆಸಿ. ಬೋರ್‌ವೆಲ್ಲಿನ ಗಡಸು ನೀರಾದರೆ ದ್ರಾವಣ ಬೆಳ್ಳಗೆ ಕದಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಳ್ಳೆಯದು.

ಹಂತ 3: ಕಡಲೆ ಗಾತ್ರದ ಹರಳುಗಳನ್ನು ದೂರದೂರ ಬೀಳಿಸಿ. ಆಮೇಲೆ ಬಾಟಲಿಯನ್ನು ಅಲುಗಿಸಲೇಬೇಡಿ. ಎಷ್ಟು ಹೊತ್ತಾದರೂ ಏನೂ ಏಳದಿದ್ದರೆ ಇನ್ನಷ್ಟು ತೆಳು ದ್ರಾವಣದಲ್ಲಿ ಹೊಸದಾಗಿ ಹೂಡಿ.

ಹಂತ 4: ನೋಡಿ. ಇದೇ ಮುಖ್ಯ ಹಂತ, ಭೂತಗನ್ನಡಿ ಇದ್ದರೆ ತನ್ನಿ. ಹರಳು ಕರಗುತ್ತಿದ್ದಂತೆ ಲೋಹವೂ ಸಿಲಿಕೇಟೂ ಸೇರಿ ಅದರ ಸುತ್ತ ತೆಳು ಪೊರೆ ಕಟ್ಟುತ್ತವೆ. ಪೊರೆ ನೀರನ್ನು ಒಳಗೆ ಬಿಡುತ್ತದೆ, ಲೋಹದ ಲವಣವನ್ನು ಸುಲಭಕ್ಕೆ ಹೊರಗೆ ಬಿಡುವುದಿಲ್ಲ. ಒಳಗೆ ಒತ್ತಡ ಏರಿ ಪೊರೆ ಒಡೆಯುತ್ತದೆ. ಚಿಮ್ಮಿದ ದ್ರವ ಸುತ್ತಲಿನದಕ್ಕಿಂತ ಹಗುರ, ಆದ್ದರಿಂದ ಮೇಲಕ್ಕೇರುತ್ತದೆ. ಏರುತ್ತಲೇ ಅದರ ಸುತ್ತ ಹೊಸ ಪೊರೆ. ಹೀಗೆ ಟೊಳ್ಳು ಕೊಳವೆ ಬೆಳೆಯುತ್ತದೆ. ತಾಮ್ರದ್ದು ನೀಲಿ, ಸತುವಿನದು ಬಿಳಿ.

ಜರ್ಮನಿಯ ಗ್ಲೌಬರ್ 1646ರಲ್ಲೇ ಇದನ್ನು ವರ್ಣಿಸಿದ್ದ. 20ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಸ್ಟೆಫಾನ್ ಲೆದ್ಯೂಕ್ ಇಂಥವುಗಳ ಗಿಡದಂಥ ರೂಪ ಕಂಡು ಜೀವದ ಗುಟ್ಟೇ ಸಿಕ್ಕೀತೆಂದು ನಂಬಿದ. ರೂಪ ನೋಡಿ ಮರುಳಾಗುವುದು ಸುಲಭ. ನನ್ನ ಕಣ್ಣು ಮಾತ್ರ ಪೊರೆಯ ಮೇಲೆ: ಒಳಗೆ ಆಮ್ಲೀಯ, ಹೊರಗೆ ಕ್ಷಾರೀಯ, ನಡುವೆ ಅಳೆಯಬಹುದಾದ ವೋಲ್ಟೇಜು. ನಮ್ಮ ಜೀವಕೋಶಗಳೂ ಪೊರೆಯ ಎರಡು ಬದಿಯ ಇಂಥ ವ್ಯತ್ಯಾಸದಿಂದಲೇ ಶಕ್ತಿ ಪಡೆಯುತ್ತವೆ. ಸಮುದ್ರತಳದ ಕ್ಷಾರೀಯ ಬುಗ್ಗೆಗಳ ಖನಿಜ ಗೋಡೆಗಳಲ್ಲಿ ಜೀವ ಶುರುವಾಗಿರಬಹುದೆಂದು ಭೂವಿಜ್ಞಾನಿ ಮೈಕೆಲ್ ರಸೆಲ್ ವಾದಿಸಿದ್ದು ಈ ಜಾಡಿನಲ್ಲೇ; ಅಲ್ಲಿ ಒಳಗೆ ಕ್ಷಾರ, ಹೊರಗೆ ಆಗಿನ ಆಮ್ಲೀಯ ಕಡಲು. ಅಂಥದೇ ಬುಗ್ಗೆಗಳ ತಾಣ 'ಲಾಸ್ಟ್ ಸಿಟಿ' 2000ದಲ್ಲಿ ಅಟ್ಲಾಂಟಿಕ್ ತಳದಲ್ಲಿ ಸಿಕ್ಕಿತು. ವಾದ ಇನ್ನೂ ಸಾಬೀತಾಗಿಲ್ಲ.

ಅಲ್ಲಿ ನೀರನ್ನು ಕ್ಷಾರವಾಗಿಸುವುದು ಮೆಗ್ನೀಸಿಯಂ ತುಂಬಿದ ಕಲ್ಲು. ನೀರಿನೊಡನೆ ವರ್ತಿಸಿ ಅದು ಸರ್ಪೆಂಟೈನ್ ಆಗುವಾಗ ಹೈಡ್ರೋಜನ್ನೂ ಹೊಮ್ಮುತ್ತದೆ. ಈ ಜಾತಿಯ ಕಲ್ಲು ಎಚ್.ಡಿ. ಕೋಟೆಗೆ ಹತ್ತಿರದ ಸರಗೂರಿನ ಸುತ್ತಲೂ ಇದೆ. ಭೂವಿಜ್ಞಾನಿಗಳು ಊರಿನ ಹೆಸರಿಟ್ಟೇ ಕರೆಯುವ ಆ ಶಿಲಾವರ್ಗಕ್ಕೆ 300 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು.

ಹಂತ 5: ತೋಟ ಉಳಿಸಿಕೊಳ್ಳಲು ಸಣ್ಣ ನಳಿಕೆಯಿಂದ ದ್ರಾವಣ ಇಳಿಸಿ, ಅಂಚಿನಿಂದ ಮೆಲ್ಲಗೆ ಶುದ್ಧ ನೀರು ತುಂಬಿ. ಬಸಿದದ್ದನ್ನು ಕೆರೆಗಾಗಲಿ ಲಕ್ಷ್ಮಣತೀರ್ಥಕ್ಕಾಗಲಿ ಸುರಿಯಬೇಡಿ, ತಾಮ್ರ ಮೀನಿಗೆ ವಿಷ. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದವರನ್ನು ಕೇಳಿ, ಅವರ ತ್ಯಾಜ್ಯದ ಕ್ಯಾನಿಗೆ ಸೇರಿಸಿ.