ಹದಿನಾರು ಗಂಟಿನ ದಾರ

ಗೌರಿ ಹಬ್ಬದ ವಾರ ಮೈಸೂರಿನ ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ಮೊರ ಮಾರುವವರು ಸಾಲಾಗಿ ಕೂತಿರುತ್ತಾರೆ. ಹಸಿ ಬಿದಿರಿನ ವಾಸನೆ, ಪಕ್ಕದಲ್ಲೇ ಬಳೆ, ಬಿಚ್ಚೋಲೆ, ಕರಿಮಣಿಯ ಗುಡ್ಡೆ. 2024ರ ಸೆಪ್ಟೆಂಬರ್ ಮೊದಲ ವಾರ, ಆಫೀಸು ಬಿಟ್ಟವಳು ನೇರ ಅಲ್ಲಿಗೆ ಹೋಗಿದ್ದೆ. "ಎಷ್ಟು ಜೊತೆ ಅಕ್ಕಾ?" ಎಂದು ಮೊರದವಳು ಕೇಳಿದಳು. "ಐದು" ಅಂದೆ. ದುಡ್ಡು ಕೊಟ್ಟು, ಮೊರಗಳನ್ನು ಕಂಕುಳಿಗೆ ಸೇರಿಸಿ, ಬಸ್ಸಿಗೆ ಕಾಯುತ್ತ ನಿಂತಾಗ ಲೆಕ್ಕ ತಲೆಗೆ ಹತ್ತಿತು. ಒಂದು ಜೊತೆ ಗೌರಿಗೆ, ಮೂರು ಮುತ್ತೈದೆಯರಿಗೆ, ಒಂದು ಅಮ್ಮನಿಗೆ. ಅಮ್ಮ ಹೋಗಿ ಆಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ. ಹದಿನೈದು ವರ್ಷದಿಂದ "ಐದು" ಎಂದು ಅಭ್ಯಾಸವಾದ ಬಾಯಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಅಮ್ಮ ಹೋದದ್ದು ಜುಲೈ 9ರಂದು, ಆಷಾಢ ಶುದ್ಧ ಚೌತಿ, ನನ್ನ ತವರು ಹೊಳೆನರಸೀಪುರದಲ್ಲಿ. ತಮ್ಮನಿಗೆ ಹತ್ತು ದಿನದ ಸೂತಕ, ಹದಿಮೂರನೆಯ ದಿನ ವೈಕುಂಠ ಸಮಾರಾಧನೆ, ಆಮೇಲೆ ವರ್ಷವಿಡೀ ಮಾಸಿಕ. ಆ ಮನೆಗೆ ಒಂದು ವರ್ಷ ಹಬ್ಬವಿಲ್ಲ. ನನಗೆ ಮೂರು ದಿನ. ಮದುವೆಯಾಗಿ ಗೋತ್ರ ಬದಲಾದ ಮಗಳಿಗೆ ಹೆತ್ತವರ ಸೂತಕ ಮೂರೇ ದಿನ ಎಂಬುದು ನಮ್ಮಲ್ಲಿ ನಡೆದುಬಂದದ್ದು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡಾಗ ಹಿರಿಯರೊಬ್ಬರು ಸಮಾಧಾನದ ದನಿಯಲ್ಲೇ ಹೇಳಿದರು: "ನಿಮ್ಮನೇಲಿ ಎಲ್ಲ ಹಬ್ಬಾನೂ ಮಾಡಬಹುದಮ್ಮ. ನಿನಗೇನೂ ಅಡ್ಡಿ ಇಲ್ಲ."

ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ "ಅಡ್ಡಿ ಇಲ್ಲ" ಎನ್ನುವುದು ನನಗೆ "ನಿನ್ನ ಪಾಲಿನದು ಮುಗಿಯಿತು" ಎಂದೇ ಕೇಳಿಸಿತು.

ಸಮಾರಾಧನೆ ಮುಗಿಸಿ ಮೈಸೂರಿಗೆ ಬಂದೆ. ಮಗಳಿಗೆ ಕಿರುಪರೀಕ್ಷೆ, ಮಗನಿಗೆ ನೆಗಡಿ ಜ್ವರ, ಗಂಡನಿಗೆ ಪಾಳಿ ಕೆಲಸ, ಅತ್ತೆಯ ಕಣ್ಣಿನ ತಪಾಸಣೆ, ಬುಕ್ ಮಾಡಬೇಕಾದ ಸಿಲಿಂಡರ್. ಅಳುವುದಕ್ಕೆ ಬಿಡುವಾಗಲಿ ಒಂಟಿ ಕೋಣೆಯಾಗಲಿ ಇರಲಿಲ್ಲ. ಜುಲೈ ಕೊನೆಯಲ್ಲಿ ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿ, ಮುಖ್ಯಮಂತ್ರಿಗಳು ಕಾವೇರಿಗೆ ಬಾಗಿನ ಬಿಡುವುದನ್ನು ಟೀವಿಯಲ್ಲಿ ತೋರಿಸುತ್ತಿದ್ದರು. ಚಪಾತಿ ಹಿಟ್ಟು ಕಲಸುತ್ತ ನೋಡುತ್ತಿದ್ದೆ. ಮೊರ ನೀರಿಗಿಳಿದು, ಒಂದು ಸುತ್ತು ತಿರುಗಿ, ಸಾಗಿಹೋಯಿತು. ಮೈಸೂರಿಗೆ ಬಂದ ಮೇಲೆ ನಾನು ಮೊದಲ ಸಲ ಬಿಕ್ಕಿ ಅತ್ತದ್ದು ಆಗ, ಹಿಟ್ಟಿನ ಕೈಯಲ್ಲೇ.

ಶ್ರಾವಣ ಬಂತು. ಶ್ರಾವಣವೆಂದರೆ ಹಬ್ಬಗಳ ಸಾಲು. ಆಗಸ್ಟ್ 8 ನಾಗರ ಚೌತಿ. ಅವತ್ತೇ ಹೊಳೆನರಸೀಪುರದಲ್ಲಿ ಅಮ್ಮನ ಮಾಸಿಕ. ಅಲ್ಲಿ ತಮ್ಮ ಎಳ್ಳುನೀರು ಬಿಡುತ್ತಿದ್ದ ಹೊತ್ತಿಗೆ ಇಲ್ಲಿ ನಾನು ಚಿಗಳಿಗೆಂದು ಎಳ್ಳು ಬೆಲ್ಲ ಕುಟ್ಟುತ್ತಿದ್ದೆ. ಅದೇ ಎಳ್ಳು, ಅದೇ ಚೌತಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬನಿಗೆ ದುಃಖ ಪಡುವುದೇ ಕರ್ತವ್ಯ, ಇನ್ನೊಬ್ಬಳಿಗೆ ಹಬ್ಬ ಮಾಡುವುದು ಕರ್ತವ್ಯ.

ಮುಂದಿನ ವಾರ ವರಮಹಾಲಕ್ಷ್ಮಿ. ಕಳಶಕ್ಕೆ ಸೀರೆ ಉಡಿಸುವಾಗ ನೆರಿಗೆ ನಿಲ್ಲಲಿಲ್ಲ. ಅಮ್ಮ ಅದನ್ನು ಎರಡು ಪಿನ್ನು, ಒಂದು ಅಡಿಕೋಲಿನಲ್ಲಿ ನಿಲ್ಲಿಸುತ್ತಿದ್ದರು. ಪ್ರತಿ ವರ್ಷ ಫೋನಿನಲ್ಲಿ ಕೇಳಿ ಮಾಡುತ್ತಿದ್ದೆ, ಬರೆದಿಟ್ಟುಕೊಂಡಿರಲಿಲ್ಲ. ಒಂಬತ್ತು ವರ್ಷದ ಮಗಳು ಸಹಾಯಕ್ಕೆಂದು ಬಂದು ಹೂವಿನ ಬುಟ್ಟಿ ಮಗುಚಿದಳು. ಅವಳ ಮೇಲೆ ಎಂಥ ದನಿಯಲ್ಲಿ ಕೂಗಾಡಿದೆನೆಂದರೆ ಗಂಡ ಸ್ನಾನ ಅರ್ಧಕ್ಕೆ ಬಿಟ್ಟು ಬಂದರು. ರಾತ್ರಿ ಮಲಗಿಸುವಾಗ ಅವಳು ಕೇಳಿದಳು, "ಅಮ್ಮಾ, ಅಜ್ಜಿ ಹೋದಾಗಿಂದ ನಿಂಗೆ ನನ್ನ ಕಂಡ್ರೆ ಕೋಪನಾ?"

ಮಕ್ಕಳ ಮುಂದೆ ಅಳಬಾರದೆಂದು ನಾನು ಬಿಗಿಹಿಡಿದದ್ದೆಲ್ಲ ಅವಳಿಗೆ ಕೋಪವಾಗಿ ಕಂಡಿತ್ತು. ಒಂದು ತಿಂಗಳಿಂದ ಆ ಮಗು ತಾನೇನು ತಪ್ಪು ಮಾಡಿದೆನೆಂದು ಹುಡುಕುತ್ತಿತ್ತು. ಅವತ್ತು ಅವಳ ಪಕ್ಕದಲ್ಲಿ ಮಲಗಿ, "ಕೋಪ ಅಲ್ಲ ಪುಟ್ಟಿ, ನಂಗೆ ನಮ್ಮಮ್ಮ ಬೇಕು ಅನ್ಸತ್ತೆ" ಎಂದು ಹೇಳಿಬಿಟ್ಟೆ. ಅವಳು ನನ್ನ ಕೈ ತೆಗೆದು ತನ್ನ ಕೆನ್ನೆಯ ಕೆಳಗೆ ಇಟ್ಟುಕೊಂಡು ನಿದ್ದೆ ಹೋದಳು. ಮರುದಿನದಿಂದ ಮನೆಯಲ್ಲಿ ಅಜ್ಜಿಯ ಹೆಸರು ಮತ್ತೆ ಓಡಾಡತೊಡಗಿತು. ಅದನ್ನು ನಿಲ್ಲಿಸಿದ್ದವಳು ನಾನೇ ಎಂಬುದು ಆಗ ಗೊತ್ತಾಯಿತು.

ಗೌರಿ ಹಬ್ಬಕ್ಕೆ ಎರಡು ದಿನವಿರುವಾಗ ಅಪ್ಪ ಫೋನ್ ಮಾಡಿದರು. ಸ್ವಲ್ಪ ಹೊತ್ತು ಮಳೆ, ತೋಟದ ತೆಂಗು ಎಂದೆಲ್ಲ ಮಾತಾಡಿ, ಆಮೇಲೆ ಕೇಳಿದರು: "ಗೌರಿಗೆ ನಿಮ್ಮಮ್ಮ ನಿನಗೆ ಎಷ್ಟು ಕಳಿಸ್ತಿದ್ದಳು?"

ತವರಿನಿಂದ ಹೆಣ್ಣುಮಕ್ಕಳಿಗೆ ಬರುವ ಅರಿಶಿನ ಕುಂಕುಮದ ದುಡ್ಡು. ನಲವತ್ತೈದು ವರ್ಷ ಸಂಸಾರ ಮಾಡಿದ ಅಪ್ಪನಿಗೆ ಆ ಮೊತ್ತ ಗೊತ್ತಿರಲಿಲ್ಲ. ಅದು ಅಮ್ಮನ ಇಲಾಖೆ. "ಐನೂರ ಒಂದು" ಅಂದೆ. ಹಿಂದಿನಿಂದ ತಮ್ಮನ ದನಿ ಕೇಳಿಸಿತು, ವರ್ಷದೊಳಗೆ ಹಾಗೆಲ್ಲ ಕಳಿಸಬಹುದಾ ಎಂದು ಅನುಮಾನಿಸುತ್ತಿದ್ದ. ಅಪ್ಪ ಅವನಿಗೆ ಹೇಳಿದ್ದು ನನಗೂ ಕೇಳಿಸಿತು: "ಹಬ್ಬ ಇಲ್ಲದ್ದು ನಮಗೆ. ಅವಳಿಗೆ ಇದೆಯಲ್ಲಪ್ಪ."

ಅದೇ ಮಾತು. ಜುಲೈನಲ್ಲಿ ಹಿರಿಯರ ಬಾಯಲ್ಲಿ ಅದು ನನ್ನನ್ನು ಅಂಗಳದಿಂದ ಆಚೆ ನಿಲ್ಲಿಸಿತ್ತು. ಅಪ್ಪನ ಬಾಯಲ್ಲಿ, ಮುಚ್ಚಿದ ಮನೆಯೊಳಗಿಂದ ಯಾರೋ ಕಿಟಕಿಯಲ್ಲಿ ಕೈ ಚಾಚಿ ದೀಪ ಕೊಟ್ಟ ಹಾಗಿತ್ತು. ತಮ್ಮಲ್ಲಿ ಉರಿಸುವಂತಿಲ್ಲ, ನೀನು ಉರಿಸು ಎಂದು. ಫೋನಿಗೆ 501 ರೂಪಾಯಿ ಬಂದ ಸದ್ದಿಗೆ ನಾನು ಮೊಟ್ಟಮೊದಲ ಸಲ ಈ ಹಬ್ಬ ಮಾಡಬೇಕು ಎಂದುಕೊಂಡೆ.

ಆದರೆ ಎಷ್ಟು ಮಾಡಬೇಕು? ಇದನ್ನು ಗಂಡ ಮತ್ತು ಅತ್ತೆಯ ಮುಂದೆ ಬಾಯಿಬಿಟ್ಟು ಹೇಳಿದೆ. ಚಕ್ಕುಲಿ, ಕೋಡುಬಳೆ ಈ ವರ್ಷ ಇಲ್ಲ. ಗೌರಿಯ ದಿನ ಒಂದು ಸಿಹಿ, ಗಣಪತಿಗೆ ಕಡುಬು. ನೆಂಟರನ್ನು ಕರೆಯುವುದಿಲ್ಲ. ಮಕ್ಕಳ ಗಣಪನಿಗೆ ಮಾತ್ರ ಯಾವುದೂ ಕಡಿಮೆಯಾಗಬಾರದು; ಇಲಿಯಿರುವ ಮಣ್ಣಿನ ಗಣಪನೇ ಬೇಕೆಂದು ಐದು ವರ್ಷದ ಮಗ ಹಟ ಹಿಡಿದಿದ್ದ, ಅದನ್ನೇ ತರೋಣ. ಗಂಡ "ಗಣಪನ ಪಾಲಿನದು ನನಗಿರಲಿ" ಎಂದರು. ಇಷ್ಟು ದಿನ ಅವರು ಯಾಕೆ ಸಹಾಯಕ್ಕೆ ಬರಲಿಲ್ಲವೆಂದು ಒಳಗೇ ಕುದಿದಿದ್ದೆ. ನಾನು ಕೇಳಿಯೇ ಇರಲಿಲ್ಲ.

ಸೆಪ್ಟೆಂಬರ್ 6, ಶುಕ್ರವಾರ, ಗೌರಿ ತದಿಗೆ. ಪೂಜೆಯಾಗಿ ಬಲಗೈಗೆ ಹದಿನಾರು ಗಂಟಿನ ದಾರ ಕಟ್ಟಿಸಿಕೊಂಡೆ. ಕಟ್ಟಿದ್ದು ಅತ್ತೆ. ಒಂದು ಬಾಗಿನ ಗೌರಿಯ ಮುಂದೆ, ಮೂರು ಬೀದಿಯ ಮುತ್ತೈದೆಯರಿಗೆ. ಸೆರಗು ಮುಚ್ಚಿ ಮೊರ ಹಿಡಿದು ಕೊಟ್ಟೆ, ಇಸಕೊಂಡವರು ಹರಸಿ ಹೋದರು. ಐದನೆಯದು ದೇವರ ಮನೆಯ ಮೂಲೆಯಲ್ಲಿ ಉಳಿಯಿತು. ಅಕ್ಕಿ, ಬೇಳೆ, ಬೆಲ್ಲದ ಅಚ್ಚು, ತೆಂಗಿನಕಾಯಿ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಬಳೆ.

ಅತ್ತೆ ಹೊಸ್ತಿಲ ಬಳಿ ಕೂತು ಬಾಳೆಎಲೆ ಒರೆಸುತ್ತಿದ್ದರು. ಮಾವ ಹೋದ ಮೇಲೆ ಆರು ವರ್ಷದಿಂದ ಬಾಗಿನ ಕೊಡುವ ಹೊತ್ತಿಗೆ ಅವರು ಅಡುಗೆಮನೆಗೆ ಸರಿದುಬಿಡುತ್ತಿದ್ದರು. ಅದನ್ನು ನೋಡಿಯೂ ನಾನು ನೋಡಿದ್ದಿಲ್ಲ. ಅವತ್ತು ಯಾವ ಧೈರ್ಯವೋ, ಐದನೆಯ ಮೊರ ಎತ್ತಿಕೊಂಡು ಅವರ ಮುಂದೆ ಮಂಡಿಯೂರಿದೆ.

"ನನಗಾ? ಬೇಡ ಕಣೇ" ಎಂದರು. ಕೈ ಹಿಂದಕ್ಕೆ ಹೋಯಿತು. ನಾನೂ ಏಳಲಿಲ್ಲ, ಅವರೂ ಏಳಲಿಲ್ಲ. ಆಮೇಲೆ ಅವರು ಮೊರದ ಅಂಚನ್ನು ಒಂದು ಬೆರಳಿನಿಂದ ಸವರುತ್ತ ಹೇಳಿದರು: "ನಮ್ಮಮ್ಮ ಹೋಗಿದ್ದು ನವರಾತ್ರಿಗೆ ನಾಲ್ಕು ದಿನ ಇದೆ ಅನ್ನುವಾಗ. ನನಗೂ ಮೂರೇ ದಿನ. ಪಾಡ್ಯದ ಬೆಳಿಗ್ಗೆ ಗೊಂಬೆ ಕೂರಿಸಿದೆ. ಹತ್ತು ದಿನ ಬಂದವರಿಗೆಲ್ಲ ಚರ್ಪು ಹಂಚಿದೆ. ಒಬ್ಬರೂ ಕೇಳಲಿಲ್ಲ, ಹೇಗಿದ್ದೀಯೇ ಅಂತ."

ಹದಿನೈದು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದೆವು. ಅವರ ತಾಯಿಯ ಬಗ್ಗೆ ನಾನೂ ಒಂದು ಮಾತು ಕೇಳಿರಲಿಲ್ಲ.

ಅವರು ಮೊರ ತೆಗೆದುಕೊಳ್ಳಲಿಲ್ಲ. ಆದರೆ ಅದರೊಳಗಿಂದ ತೆಂಗಿನಕಾಯಿಯನ್ನೂ ಬೆಲ್ಲದ ಅಚ್ಚನ್ನೂ ಎತ್ತಿಕೊಂಡರು. "ಇವನ್ನ ನಾಳೆ ಕಡುಬಿಗೆ ಹಾಕೋಣ. ನಿಮ್ಮಮ್ಮಂದೂ ಆಯ್ತು, ನಮ್ಮಮ್ಮಂದೂ ಆಯ್ತು."

ಮರುದಿನ ಗಣೇಶ ಚೌತಿ. ಊರಿಗೆಲ್ಲ ಹಬ್ಬ, ತವರಿನಲ್ಲಿ ಮತ್ತೆ ಮಾಸಿಕ. ಬೆಳಿಗ್ಗೆ ಮಗ ಇಲಿಗೂ ಒಂದು ಗೆಜ್ಜೆವಸ್ತ್ರ ಹಾಕಿದ. ಅತ್ತೆ ಕಾಯಿ ತುರಿದು ಹೂರಣ ಕಾಸಿದರು, ನಾನು ಕಣಕ ತಟ್ಟಿದೆ, ಮಗಳು ಅಂಚು ಒತ್ತಿದಳು. ಮಧ್ಯಾಹ್ನ ಒಂದೂವರೆಗೆ ತಮ್ಮನ ಫೋನು. ಬ್ರಾಹ್ಮಣರ ಊಟ ಮುಗಿದಿತ್ತು. "ಅಕ್ಕ, ಕಾಗೆ ತಡ ಮಾಡದೆ ಬಂತು" ಎಂದ. ಅಲ್ಲಿ ಮಾಡಿದ ಅಡುಗೆಯೆಲ್ಲ ಒಂದೊಂದಾಗಿ ಹೇಳಿಸಿಕೊಂಡೆ. ಇಲ್ಲಿಯ ಕಡುಬಿನ ಸಂಗತಿ ನಾನು ಹೇಳಿದೆ. ಆ ಹತ್ತು ನಿಮಿಷ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು.

ಫೋನಿಡುವ ಮುಂಚೆ ತಮ್ಮ ಲೆಕ್ಕ ಹೇಳಿದ: ವರ್ಷದೊಳಗೆ ಒಟ್ಟು ಹದಿನಾರು ಮಾಸಿಕ, ಹನ್ನೆರಡು ತಿಂಗಳಿನವು, ನಡುನಡುವೆ ಬೇರೆ ನಾಲ್ಕು. ನನ್ನ ಕಣ್ಣು ಕೈಯ ದಾರದ ಮೇಲೆ ಬಿತ್ತು. ಹದಿನಾರು ಗಂಟು. ಶಾಸ್ತ್ರದಲ್ಲಿ ಎರಡಕ್ಕೂ ಸಂಬಂಧವಿಲ್ಲ, ಬಲ್ಲೆ. ಆದರೆ ತಮ್ಮನಿಗೆ ಯಾಕೆ ಸ್ವಲ್ಪ ನೆಮ್ಮದಿಯಿದೆ, ನನಗೆ ಯಾಕಿಲ್ಲ ಎಂಬುದು ಆ ಕ್ಷಣ ಹೊಳೆಯಿತು. ಅವನ ದುಃಖಕ್ಕೆ ತಿಥಿಯಿದೆ. ಅದು ಬರುವ ದಿನ ಗೊತ್ತು, ಅವತ್ತು ಅದಕ್ಕೆ ಎಲೆ ಹಾಕಿ ಬಡಿಸಿ ಕಳಿಸುತ್ತಾರೆ. ನನ್ನ ದುಃಖಕ್ಕೆ ದಿನವೇ ಇಲ್ಲ. ಅದಕ್ಕೇ ಅದು ಸೀರೆಯ ನೆರಿಗೆಯಲ್ಲಿ, ಹೂವಿನ ಬುಟ್ಟಿಯಲ್ಲಿ, ಬಸ್ ನಿಲ್ದಾಣದಲ್ಲಿ ಎಲ್ಲೆಂದರಲ್ಲಿ ಬಂದು ಕೂರುತ್ತದೆ.

ಆ ತಿಂಗಳಿಂದ ಪ್ರತಿ ಶುದ್ಧ ಚೌತಿಯ ಸಂಜೆ ಒಂದು ಗಂಟೆಯನ್ನು ಅಮ್ಮನಿಗೆ ಬಿಟ್ಟುಕೊಟ್ಟೆ. ಮನೆಯವರಿಗೆಲ್ಲ ಹೇಳಿದ್ದೆ, ಆ ಹೊತ್ತು ನನ್ನನ್ನು ಕರೆಯಬೇಡಿ ಎಂದು. ಕೆಲವು ಸಲ ಅತ್ತೆ, ಕೆಲವು ಸಲ ಮಕ್ಕಳು ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಒಂದು ಚೌತಿಗೆ ಅಮ್ಮ ಹೇಳಿಕೊಟ್ಟ ಅಡುಗೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ಇನ್ನೊಂದಕ್ಕೆ ಅಪ್ಪನ ಜೊತೆ ಬರೀ ಮಾತು. ಒಂದೆರಡು ಸಲ ಸುಮ್ಮನೆ ಅತ್ತುಬಿಟ್ಟೆ. ವಿಶೇಷ ಪೂಜೆ, ವ್ರತ ಯಾವುದೂ ಇರಲಿಲ್ಲ. ದುಃಖ ಕಡಿಮೆಯಾಯಿತೆಂದಲ್ಲ, ತನಗೊಂದು ದಿನವಿದೆ ಎಂದು ಗೊತ್ತಾದ ಮೇಲೆ ಅದು ಬೇರೆ ದಿನಗಳನ್ನು ಅಷ್ಟು ಕಾಡಲಿಲ್ಲ. ಆ ದೀಪಾವಳಿಯಲ್ಲಿ ಮಗ ಸುರುಸುರುಬತ್ತಿ ಹಿಡಿದು ಕುಣಿದಾಗ ನಾನು ಗಟ್ಟಿಯಾಗಿ ನಕ್ಕೆ. ನಕ್ಕ ಮರುಗಳಿಗೆ ತಪ್ಪು ಮಾಡಿದ ಹಾಗೆ ಎದೆ ಧಸಕ್ಕೆಂದಿತು. ಇನ್ನು ಮೂರು ದಿನಕ್ಕೆ ಚೌತಿಯಿದೆ, ಅಮ್ಮನಿಗೆ ಈ ಕುಣಿತವನ್ನು ಹೇಳಬಹುದು ಎಂದುಕೊಂಡೆ. ಎದೆ ಹಗುರಾಯಿತು.

ನಾವು ಹಬ್ಬ "ಮಾಡುತ್ತೇವೆ" ಎನ್ನುತ್ತೇವೆ. ಈಗ ಆ ಮಾತಿನಲ್ಲಿ ನನಗೆ ದೊಡ್ಡ ಆಸರೆ ಕಾಣುತ್ತದೆ. ಹಬ್ಬ ಕೈಯ ಕೆಲಸ. ಕಾಯಿ ತುರಿಯುವುದಕ್ಕೆ, ರಂಗೋಲಿ ಎಳೆಯುವುದಕ್ಕೆ ಮನಸ್ಸು ಅರಳಿರಬೇಕೆಂದಿಲ್ಲ. ಸಂತೋಷವಿಲ್ಲದೆ ಮಾಡಿದ ಹಬ್ಬ ಸುಳ್ಳು ಎಂದು ನಾನು ತಿಳಿದಿದ್ದೆ. ಅತ್ತೆ ಆ ವರ್ಷ ಕೂರಿಸಿದ ಗೊಂಬೆಗಳು ಸುಳ್ಳಾಗಿರಲಿಲ್ಲ, ಅವರ ಪಕ್ಕದಲ್ಲಿ ಯಾರೂ ಇರಲಿಲ್ಲ ಅಷ್ಟೆ.

2025ರ ಜೂನ್ ಕೊನೆಯಲ್ಲಿ ಅಮ್ಮನ ವರ್ಷಾಬ್ದಿಕ ಮುಗಿಯಿತು. ಆಗಸ್ಟ್‌ನಲ್ಲಿ ತವರಿಗೂ ಗೌರಿ ಬಂದಳು. ನಾನು ಮತ್ತೆ ಐದು ಜೊತೆ ಮೊರ ತಂದೆ. ಹಬ್ಬದ ಹಿಂದಿನ ಸಂಜೆ ನನ್ನ ಸಹೋದ್ಯೋಗಿಯೊಬ್ಬಳಿಗೆ ಫೋನ್ ಮಾಡಿದೆ. ಅವಳ ತಾಯಿ ಹೋಗಿ ನಾಲ್ಕು ತಿಂಗಳಾಗಿತ್ತು. ಅವಳಿಗೂ ಮೂರು ದಿನವೇ, ಅವಳ ಮನೆಯಲ್ಲೂ ಹಬ್ಬವಿತ್ತು. "ಹಬ್ಬದ ತಯಾರಿ ಆಯ್ತಾ?" ಎಂದು ಬಾಯಿಗೆ ಬಂದದ್ದನ್ನು ತಡೆದು, "ನಿಮ್ಮಮ್ಮ ಕಡುಬಿಗೆ ಏನೇನು ಹಾಕ್ತಿದ್ರು?" ಎಂದು ಕೇಳಿದೆ.

ಅತ್ತ ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ ಶುರು ಮಾಡಿದಳು. ಕಾಯಿ ಬೆಲ್ಲದ ಜೊತೆ ಗಸಗಸೆ ಹುರಿದು ಹಾಕುತ್ತಿದ್ದರಂತೆ, ಏಲಕ್ಕಿಯನ್ನು ಸಿಪ್ಪೆ ಸಮೇತ ಕುಟ್ಟುತ್ತಿದ್ದರಂತೆ, ಕಡುಬಿನ ಅಂಚನ್ನು ಜಡೆಯ ಹಾಗೆ ಹೆಣೆಯುತ್ತಿದ್ದರಂತೆ. ಅಳುತ್ತಲೇ ಹೇಳಿದಳು, ನಡುವೆ ಒಮ್ಮೆ ನಕ್ಕಳು. ಅರ್ಧ ಗಂಟೆಯಾದ ಮೇಲೆ, "ಇರಿ ಅಕ್ಕ, ಗಸಗಸೆ ಮನೇಲಿದೆಯಾ ನೋಡಬೇಕು" ಎಂದು ಫೋನಿಟ್ಟಳು.