ಜೀಪಿನ ಆಯಿಲ್ ಮತ್ತು ಸ್ನಿಗ್ಧತೆಯ ಪಾಠ
ಮಾಂದಲ್‌ಪಟ್ಟಿಗೆ ಹತ್ತುವ ಹಳೆಯ ಜೀಪುಗಳು ಮಡಿಕೇರಿ ಕಡೆಯ ಮಕ್ಕಳಿಗೆ ಚಿರಪರಿಚಿತ. ಹಾಗಾಗಿ 9ನೇ ತರಗತಿಯ ಅಭ್ಯಾಸ ಬೋಧನೆಯಲ್ಲಿ ಹೀಗೆ ಕೇಳಿದೆ: “ಆಯಿಲ್ ಬದಲಿಸುವ ಮುನ್ನ ಎಂಜಿನ್ ಸ್ವಲ್ಪ ಹೊತ್ತು ಓಡಿಸುವುದೇಕೆ?” ಹಲವರು ನೋಡಿದ್ದರು, ಕಾರಣ ತಿಳಿದಿರಲಿಲ್ಲ.

ಎರಡು ಲೋಟಗಳಲ್ಲಿ ಸಮ ಅಳತೆಯ ಹೊಸ ಆಯಿಲ್ ತೆಗೆದುಕೊಂಡು, ಒಂದನ್ನು ಬಿಸಿನೀರಿನಲ್ಲಿಟ್ಟೆವು. ಆಮೇಲೆ ಒಂದೇ ಬಗೆಯ ಆಲಿಕೆಗಳಿಂದ ಇಳಿಸಿದಾಗ ಬಿಸಿ ಆಯಿಲ್ ಮೊದಲು ಖಾಲಿಯಾಯಿತು. ತಾಪ ಏರಿದರೆ ಸ್ನಿಗ್ಧತೆ ಇಳಿಯುತ್ತದೆ ಎಂದು ಮಕ್ಕಳೇ ಹೇಳಿದರು. ತೆಳುವಾದ ಆಯಿಲ್ ಮಸಿಯನ್ನೂ ಲೋಹದ ಪುಡಿಯನ್ನೂ ಹೊತ್ತು ಇಳಿಯುತ್ತದೆ ಎಂದು ನಾನು ಸೇರಿಸಿದೆ.

“ಹಳೇ ಆಯಿಲ್ ತೋಡಿಗೆ ಸುರಿಯಬಹುದಾ ಮಿಸ್?” ಎಂದಳೊಬ್ಬಳು. ತೋಡು ಎಲ್ಲಿ ಸೇರುತ್ತದೆಂದು ಕೇಳಿದೆ. “ಹಾರಂಗಿ, ಆಮೇಲೆ ಕಾವೇರಿ.” ಉತ್ತರ ಅಲ್ಲೇ ಇತ್ತು: ಮುಚ್ಚಳದ ಕ್ಯಾನಿಗೆ ತುಂಬಿ, ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಬೇಕು.

ಈ ಪಾಠ ಮಾಡುವವರು ವಿಲೇವಾರಿಯನ್ನೂ ಕಲಿಕಾಂಶವಾಗಿ ಬರೆದುಕೊಳ್ಳಿ.