ಶಾಲೆಯ ಮೀನುತೊಟ್ಟಿ: ಮೊದಲು ನೀರು, ಅನಂತರ ಮೀನು

ಫೆಬ್ರವರಿ ತಿಂಗಳ ಮೂರನೆಯ ವಾರದಲ್ಲಿ ಗಾಜಿನ ತೊಟ್ಟಿಯೊಂದನ್ನು ಕೊಂಡು ತಂದು, ಅದೇ ಸಂಜೆ ಕೊಳವೆಬಾವಿಯ ನೀರನ್ನು ಕಂಠಪೂರ್ತಿ ತುಂಬಿ, ಮರುದಿನ ಮುಂಜಾನೆ ಹತ್ತು ಹನ್ನೆರಡು ಬಣ್ಣದ ಮೀನುಗಳನ್ನು ಬಿಟ್ಟು, 28ರ ರಾಷ್ಟ್ರೀಯ ವಿಜ್ಞಾನ ದಿನದ ಪ್ರದರ್ಶನ ಬರುವುದರೊಳಗೆ ಅವುಗಳಲ್ಲಿ ಅರ್ಧಕ್ಕರ್ಧ ಹೊಟ್ಟೆ ಮೇಲಾಗಿ ತೇಲುವುದನ್ನು ಕಂಡು, ‘ನಮ್ಮ ಊರಿನ ನೀರೇ ಸರಿಯಿಲ್ಲ’ ಎಂಬ ನಿರ್ಣಯಕ್ಕೆ ಬರುವ ಶಾಲೆಗಳು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಚಂದಾಪುರಗಳ ಸುತ್ತಿನಲ್ಲಿ ವಿರಳವಲ್ಲ. ನೀರಿನ ಮೇಲೆ ಹೊರಿಸುವ ಈ ಅಪವಾದ ನ್ಯಾಯವಾದುದಲ್ಲ. ಸುಣ್ಣಕಲ್ಲಿನ ಪದರಗಳ ನಡುವಿನಿಂದ ಮೇಲೆ ಬರುವ ನಮ್ಮ ನೀರು ಗಡಸೆಂಬುದೂ, ತೊಗರಿಯ ಬೇಳೆ ಅದರಲ್ಲಿ ಬೇಗ ಬೇಯದೆಂಬುದೂ ನಿಜವೇ; ಆದರೆ ಮೀನುಗಳನ್ನು ಕೊಲ್ಲುವುದು ಗಡಸುತನವಲ್ಲ, ಅವಸರ.

ಸಸ್ಯ, ಮೀನು, ಬಸವನಹುಳು ಇವು ಮೂರನ್ನೂ ಒಂದೇ ಪಾತ್ರೆಯಲ್ಲಿಟ್ಟು ಪರಸ್ಪರಾಶ್ರಯದಿಂದ ಬದುಕಿಸಬಹುದೆಂದು ಲಂಡನ್ನಿನ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ತೋರಿಸಿದನು. ಉಳಿದ ಇತಿಹಾಸ ಇಲ್ಲಿ ಅನಾವಶ್ಯಕ. ನಮ್ಮ ಶಾಲೆಗಳಿಗೆ ತಕ್ಕ ಪ್ರಯೋಗವೊಂದನ್ನು ಮಾತ್ರ ಎದುರಿಗಿಟ್ಟುಕೊಂಡು ಹೇಳುತ್ತೇನೆ: ಗಪ್ಪಿ ಮೀನು ಸೊಳ್ಳೆಯ ಮರಿಹುಳುಗಳನ್ನು ಎಷ್ಟು ತಿನ್ನುತ್ತದೆ ಎಂಬುದು. ಮಲೇರಿಯಾ, ಡೆಂಗಿಗಳ ನಿಯಂತ್ರಣಕ್ಕಾಗಿ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡಿಸುವ ಮೀನುಗಳಲ್ಲಿ ಗಪ್ಪಿಯೂ ಒಂದಾದ್ದರಿಂದ ಮಕ್ಕಳಿಗೆ ಅದರ ಪ್ರಯೋಜನ ಕಣ್ಣಿಗೆ ಕಾಣುವಂಥದು. ಅದಕ್ಕಿಂತ ಮುಖ್ಯವಾದ ಕಾರಣವೆಂದರೆ, ಗಪ್ಪಿಗೆ ಗಡಸಾದ, ಕ್ಷಾರಗುಣವುಳ್ಳ ನೀರೇ ಒಗ್ಗುತ್ತದೆ. ಅಂಗಡಿಯಾತ ಬೇರೆ ಮೀನನ್ನು ಎಷ್ಟು ವರ್ಣಿಸಿದರೂ ಶಾಲೆಯವರು ಕಿವಿಗೊಡತಕ್ಕದ್ದಲ್ಲ.

ತೊಟ್ಟಿಗಳು ಎರಡು ಬೇಕು, ಎರಡೂ ಒಂದೇ ಅಳತೆಯವು. ಒಂದರಲ್ಲಿ ಮೀನು, ಇನ್ನೊಂದರಲ್ಲಿ ಮೀನಿಲ್ಲ, ಉಳಿದುದೆಲ್ಲ ಸಮಾನ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಸುಮಾರು 54 ಲೀಟರ್ ಹಿಡಿಯುತ್ತದೆ. ಮೇಲೆ ಒಂದೆರಡು ಅಂಗುಲ ಬಿಟ್ಟು ತುಂಬಿದರೂ ನೀರು, ಮರಳು, ಗಾಜು ಎಲ್ಲ ಸೇರಿ 70 ಕಿಲೋದಷ್ಟು ಭಾರ. ಈ ಭಾರವನ್ನು ಮಕ್ಕಳ ಬೆಂಚಿನ ಮೇಲಾಗಲಿ ಪ್ರಯೋಗಾಲಯದ ಕಪಾಟಿನ ಮೇಲಾಗಲಿ ಇಡಕೂಡದು. ಶಹಾಬಾದಿನ ಪರ್ಸಿ ನಮ್ಮಲ್ಲಿ ಸುಲಭವಾಗಿ ದೊರೆಯುವುದರಿಂದ, ಇಟ್ಟಿಗೆಯ ಎರಡು ಗಿಡ್ಡ ಕಂಬಗಳನ್ನು ಕಟ್ಟಿಸಿ ಅವುಗಳ ಮೇಲೆ ದಪ್ಪನೆಯ ಪರ್ಸಿಯೊಂದನ್ನು ಹಾಸಿಸುವುದೇ ಉತ್ತಮ. ಆದರೆ ಪಾಲಿಶ್ ಮಾಡದ ಪರ್ಸಿಯ ಮೈ ಸಮವಾಗಿರುವುದಿಲ್ಲ. ಅದರ ಉಬ್ಬೊಂದು ಗಾಜಿನ ತಳಕ್ಕೆ ಒತ್ತಿದರೆ ಯಾವ ಸೂಚನೆಯೂ ಇಲ್ಲದೆ ತಳ ಸೀಳುತ್ತದೆ, ಆದಕಾರಣ ನಡುವೆ ಥರ್ಮಾಕೋಲ್ ಹಾಳೆಯನ್ನಿಡುವುದು ಕಡ್ಡಾಯ. ಪಶ್ಚಿಮದ ಕಿಟಕಿಯ ಬಳಿ ತೊಟ್ಟಿ ಬೇಡ. ಸಿಮೆಂಟ್ ಕಾರ್ಖಾನೆಗಳ ಧೂಳು ಸುಳಿಯುವ ವಾಡಿ, ಶಹಾಬಾದ, ಮಳಖೇಡಗಳಂಥ ಊರುಗಳಲ್ಲಿ ಮುಚ್ಚಳವಿಲ್ಲದ ತೊಟ್ಟಿಯನ್ನು ಇಡಲೇಕೂಡದು, ಏಕೆಂದರೆ ಆ ಧೂಳು ತೀಕ್ಷ್ಣವಾದ ಕ್ಷಾರ.

ಮರಳನ್ನು ಬರಿಯ ನೀರಿನಿಂದ, ಕದಡು ಹೋಗುವವರೆಗೆ ತೊಳೆದು ಒಂದೂವರೆ ಅಂಗುಲ ಹಾಸಿ. ಸೋಪಿನ ಪುಡಿ ತಾಕಿದ ಬಕೆಟ್ಟು, ಚಿಂದಿ, ಕೈ ಯಾವುದೂ ತೊಟ್ಟಿಯ ಹತ್ತಿರ ಸುಳಿಯಬಾರದು. ಮೀನಿಗೊಂದು ಬಕೆಟ್ಟನ್ನು ಪ್ರತ್ಯೇಕವಾಗಿಟ್ಟು ಅದರ ಮೇಲೆ ಬಣ್ಣದಲ್ಲಿ ಬರೆಸಿಡಿ. ಹೈಡ್ರಿಲ್ಲಾ ಗಿಡವನ್ನು ನಾಲ್ಕಾರು ಕಡೆ ನೆಟ್ಟರೆ ಸಾಕು; ಗಡಸು ನೀರಿನಲ್ಲಿರುವ ಬೈಕಾರ್ಬೊನೇಟನ್ನೇ ಅದು ಆಹಾರ ತಯಾರಿಕೆಗೆ ಬಳಸಬಲ್ಲುದಾದ್ದರಿಂದ ನಮ್ಮಲ್ಲಿ ಹುಲುಸಾಗಿ ಬೆಳೆಯುತ್ತದೆ.

ಇನ್ನು ನೀರು. ‘ಶುದ್ಧ ಕುಡಿಯುವ ನೀರಿನ ಘಟಕ’ದಿಂದ ಕ್ಯಾನುಗಳಲ್ಲಿ ನೀರು ತರಿಸಿ ತೊಟ್ಟಿಗೆ ತುಂಬುವವರಿದ್ದಾರೆ. ಅವರ ಶ್ರದ್ಧೆ ಮೆಚ್ಚತಕ್ಕದ್ದಾದರೂ ಫಲ ವಿಪರೀತ. ಲವಣಗಳನ್ನು ಬಹುಮಟ್ಟಿಗೆ ಕಳೆದುಕೊಂಡ ಆ ನೀರು ಗಪ್ಪಿಗೆ ಒಗ್ಗುವುದಿಲ್ಲ, ಅದರ ಆಮ್ಲ–ಕ್ಷಾರಗಳ ಸಮತೋಲವೂ ನಿಲ್ಲುವುದಿಲ್ಲ. ಕೊಳವೆಬಾವಿಯ ನೀರೇ ಸಾಕು. ನೆಲದಾಳದಿಂದ ಬಂದ ಆ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದಲೂ, ಮೇಲಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಅದರ ಕ್ಲೋರಿನ್ ಹೋಗಬೇಕಾದ್ದರಿಂದಲೂ, ಒಂದು ಹಗಲು ಒಂದು ರಾತ್ರಿ ಗಾಳಿಯ ಪಂಪನ್ನು ಓಡಿಸಿ ನೀರನ್ನು ಹಾಗೆಯೇ ಬಿಡಬೇಕು.

ಇಷ್ಟು ಮಾಡಿದ ಮೇಲೆ ನೀರು ಸ್ಫಟಿಕದಂತೆ ಕಾಣುತ್ತದೆ. ಮೀನನ್ನು ಬಿಡುವ ಆಸೆ ಹುಟ್ಟುವುದು ಆಗಲೇ. ಅನರ್ಥದ ಆರಂಭವೂ ಅಲ್ಲಿಯೇ.

ಮೀನು ತನ್ನ ಕಿವಿರುಗಳ ಮೂಲಕ ಹಗಲಿರುಳೂ ಅಮೋನಿಯವನ್ನು ಹೊರಗೆ ಬಿಡುತ್ತಲೇ ಇರುತ್ತದೆ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಇವುಗಳಿಂದಲೂ ಅದೇ ಹುಟ್ಟುತ್ತದೆ. ಕೆರೆಯಲ್ಲಿ, ಹೊಳೆಯಲ್ಲಿ ಒಂದು ಬಗೆಯ ಸೂಕ್ಷ್ಮಜೀವಿಗಳು ಈ ಅಮೋನಿಯವನ್ನು ನೈಟ್ರೈಟಾಗಿ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ಅಷ್ಟೇನೂ ಅಪಾಯಕರವಲ್ಲದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ. ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಜೀವಿಗಳು ಇಲ್ಲವೆಂಬಷ್ಟು ಕಡಿಮೆ, ಅವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಇನ್ನೂ ಒಂದು ಸಂಗತಿಯುಂಟು, ನಮ್ಮ ಭಾಗದವರು ಇದನ್ನು ವಿಶೇಷವಾಗಿ ಗಮನಿಸಬೇಕು: ನೀರಿನ ಪಿಎಚ್ 7 ಇದ್ದಾಗ, 25 ಡಿಗ್ರಿ ಉಷ್ಣತೆಯಲ್ಲಿ, ಒಟ್ಟು ಅಮೋನಿಯದಲ್ಲಿ ನೂರಕ್ಕೆ ಒಂದಂಶಕ್ಕಿಂತ ಕಡಿಮೆ ಮಾತ್ರ ವಿಷರೂಪದಲ್ಲಿರುತ್ತದೆ; ಪಿಎಚ್ 8ಕ್ಕೇರಿದರೆ ಅದು ನೂರಕ್ಕೆ ಸುಮಾರು 5, ನೀರು 30 ಡಿಗ್ರಿಗೆ ಕಾದರೆ ಸುಮಾರು 7. ಬೆಂಗಳೂರಿನ ಪುಸ್ತಕವನ್ನೋ ಮಲೆನಾಡಿನ ಗೆಳೆಯನ ಮಾತನ್ನೋ ನಂಬಿ, ‘ಒಂದು ವಾರ ಕಾದರೆ ಸಾಕಂತೆ’ ಎನ್ನುವವರು ಈ ಅಂಕಿಗಳನ್ನು ಪ್ರಯೋಗಾಲಯದ ಗೋಡೆಗೆ ಅಂಟಿಸಿಕೊಳ್ಳಬೇಕು. ಅಲ್ಲಿ ತಡೆದುಕೊಂಡ ಮೀನು ಇಲ್ಲಿ ತಡೆದುಕೊಳ್ಳುವುದಿಲ್ಲ. ಹಾಗೆಂದು ನಿರಾಶರಾಗಬೇಕಾದುದೂ ಇಲ್ಲ. ಆ ಉಪಕಾರಿ ಸೂಕ್ಷ್ಮಜೀವಿಗಳಿಗಾದರೋ ಇದೇ ಕ್ಷಾರಗುಣದ, ಬೆಚ್ಚನೆಯ, ಗಡಸು ನೀರು ಅತ್ಯಂತ ಹಿತವಾದುದು.

ಅವುಗಳನ್ನು ಬೆಳೆಸುವ ಕ್ರಮ ಹೀಗೆ. ಗಾಳಿಯ ಪಂಪಿನಿಂದ ನಡೆಯುವ ಸ್ಪಂಜಿನ ಫಿಲ್ಟರನ್ನು ತೊಟ್ಟಿಯಲ್ಲಿಟ್ಟು ನಿಲ್ಲಿಸದೆ ಓಡಿಸಿ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿರುವ ಅಮೋನಿಯಂ ಕ್ಲೋರೈಡನ್ನು, ಎಂದರೆ ಶುದ್ಧವಾದ ನವಸಾಗರವನ್ನು, 50 ಲೀಟರಿಗೆ 0.3 ಗ್ರಾಂನಂತೆ ಕರಗಿಸಿ ಹಾಕಿದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯ ದೊರೆತಂತಾಗುತ್ತದೆ. ಕಲಾಯಿಯವರ ನವಸಾಗರ ಸಲ್ಲದು, ಅದರಲ್ಲಿ ಏನೇನಿರುತ್ತದೆಂದು ಹೇಳಲಾಗದು. ತೂಕ ಮಾಡುವ ಸೌಕರ್ಯವಿಲ್ಲದವರು ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಹಾಕಿ ಕೊಳೆಯಬಿಡಬಹುದು. ಆ ದಾರಿ ನಿಧಾನ, ವಾಸನೆಯೂ ಉಂಟು. ಎಲ್ಲಕ್ಕಿಂತ ಶೀಘ್ರವಾದ ಉಪಾಯ ಮಾತ್ರ ಬೇರೆ: ಆರೋಗ್ಯವಂತ ಮೀನುಗಳಿರುವ ಹಳೆಯ ತೊಟ್ಟಿಯೊಂದರ ಕೊಳೆಯಾದ ಸ್ಪಂಜನ್ನು ಬೇಡಿ ತಂದು ಹಾಕುವುದು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅಮೋನಿಯ, ನೈಟ್ರೈಟ್‌ಗಳನ್ನು ತೋರಿಸುವ ಹನಿಪರೀಕ್ಷೆಯ ಕಿಟ್ಟು ಮೀನಿನ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ದೊರೆಯುತ್ತದೆ; ಮೊದಲು ಅಮೋನಿಯ ಇಳಿದು ನೈಟ್ರೈಟ್ ಏರುತ್ತದೆ, ಅನಂತರ ಅದೂ ಇಳಿಯುತ್ತದೆ. ಹಾಕಿದ ಅಮೋನಿಯ ಒಂದು ದಿನದೊಳಗೆ ಎರಡು ರೂಪಗಳಲ್ಲಿಯೂ ಸೊನ್ನೆಯಾದಾಗ, ಅರ್ಧದಷ್ಟು ನೀರನ್ನು ಬದಲಿಸಿ, ಆಗ ಮಾತ್ರ ಮೀನು ತರತಕ್ಕದ್ದು. ಫೆಬ್ರವರಿ 28ಕ್ಕೆ ಪ್ರದರ್ಶನವೆಂದಾದರೆ ಡಿಸೆಂಬರಿನ ಮಧ್ಯದಲ್ಲಿ ನೀರು ತುಂಬಿರಬೇಕು. ಚಳಿಗಾಲದ ರಾತ್ರಿಗಳಲ್ಲಿ ಸೂಕ್ಷ್ಮಜೀವಿಗಳ ಬೆಳವಣಿಗೆ ಮಂದವಾಗುವುದರಿಂದ ಈ ಅವಧಿಯಲ್ಲಿ ಉಳಿತಾಯ ಮಾಡಲಾಗದು.

ಹೀಗೆ ಬೆಳೆಸಿದುದನ್ನು ಶನಿವಾರದ ಸ್ವಚ್ಛತೆಯ ಹೊತ್ತಿನಲ್ಲಿ ನಾಶಮಾಡುವ ಪರಿಪಾಠವೊಂದು ನಮ್ಮ ಶಾಲೆಗಳಲ್ಲಿದೆ. ಗುರುಗಳ ಅಪ್ಪಣೆಯಾದೊಡನೆ ಉತ್ಸಾಹಶಾಲಿಗಳಾದ ನಾಲ್ವರು ವಿದ್ಯಾರ್ಥಿಗಳು ಮೀನನ್ನು ಬಕೆಟ್ಟಿಗೆ ಹಾಕಿ, ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಮರಳನ್ನು ತಿಕ್ಕಿ, ಸ್ಪಂಜನ್ನು ನಲ್ಲಿಯ ಕೆಳಗೆ ಬೆಳ್ಳಗಾಗುವವರೆಗೆ ಹಿಂಡಿ, ಹೊಚ್ಚಹೊಸ ನೀರನ್ನು ತುಂಬಿ, ಮೀನುಗಳನ್ನು ಪುನಃ ಅದರೊಳಗೆ ಬಿಡುತ್ತಾರೆ. ಸೋಮವಾರ ಮುಂಜಾನೆ ಅವು ಮೇಲ್ಮೈಯಲ್ಲಿ ಬಾಯಿ ತೆರೆದು ಏದುತ್ತಿರುತ್ತವೆ. ಸ್ಪಂಜಿನ ಆ ಕಂದು ಕೊಳೆಯಲ್ಲಿಯೇ ನಮ್ಮ ಆರು ವಾರಗಳ ಶ್ರಮವೆಲ್ಲ ಅಡಗಿತ್ತೆಂಬುದನ್ನು ಆ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಇದನ್ನು ನಾನು ಎಷ್ಟು ಬಾರಿ, ಎಷ್ಟು ಬಗೆಯಾಗಿ ಹೇಳಿದರೂ, ತೊಳೆಯುವುದು ಸದ್ಗುಣವೆಂದು ಬಾಲ್ಯದಿಂದ ಕೇಳಿಕೊಂಡು ಬಂದ ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ನಿಷೇಧಗಳನ್ನು ಸ್ಪಷ್ಟವಾಗಿಯೇ ಬರೆಯುತ್ತೇನೆ. ತೊಟ್ಟಿಯ ನೀರನ್ನು ಪೂರ್ತಿಯಾಗಿ ಎಂದೂ ಬದಲಿಸಕೂಡದು. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗವನ್ನು ಕೊಳವೆಯಿಂದ ತೆಗೆದು, ಹಿಂದಿನ ದಿನವೇ ಬಕೆಟ್ಟಿನಲ್ಲಿ ತೆರೆದಿಟ್ಟ ನೀರನ್ನು ಸುರಿಯಬೇಕು. ಕೊಳವೆಯನ್ನು ಬಾಯಿಂದ ಎಳೆಯಕೂಡದು. ಅದಕ್ಕೆ ನೀರು ತುಂಬಿ ಬೆರಳಿನಿಂದ ಮುಚ್ಚಿ ಇಳಿಬಿಟ್ಟರೆ ತಾನಾಗಿ ಹರಿಯುತ್ತದೆ. ಮರಳನ್ನು ಹೊರತೆಗೆಯಕೂಡದು. ಸ್ಪಂಜನ್ನು ತಿಂಗಳಿಗೊಮ್ಮೆ, ತೊಟ್ಟಿಯಿಂದಲೇ ತೆಗೆದ ಹಳೆಯ ನೀರಿನಲ್ಲಿ ಒಂದೆರಡು ಸಲ ಅದುಮಿದರೆ ಸಾಕು. ಅದು ಬೆಳ್ಳಗಾಗಬೇಕೆಂಬ ಹಟ ಬೇಡ. ಗಾಜಿಗೆ ಹತ್ತಿದ ಹಸಿರು ಪಾಚಿ ಕಣ್ಣಿಗೆ ಹಿತವಲ್ಲದಿರಬಹುದು, ಮೀನಿಗೆ ಅದರಿಂದ ಯಾವ ಬಾಧೆಯೂ ಇಲ್ಲ. ಪ್ರದರ್ಶನಕ್ಕೆ ಅಧಿಕಾರಿಗಳು ಬರುವರೆಂದಾದರೆ ಮುಂದಿನ ಗಾಜನ್ನಷ್ಟೇ ಒರಸಿ.

ಮೊದಲು ನಾಲ್ಕು ಗಪ್ಪಿಗಳನ್ನು ಮಾತ್ರ ಬಿಡಿ. ತಂದ ಚೀಲವನ್ನು ಅರ್ಧ ಗಂಟೆ ನೀರಿನ ಮೇಲೆ ತೇಲಬಿಟ್ಟು, ಸ್ವಲ್ಪ ಸ್ವಲ್ಪವಾಗಿ ತೊಟ್ಟಿಯ ನೀರನ್ನು ಅದರೊಳಗೆ ಬೆರೆಸಿ, ಅನಂತರ ಮೀನನ್ನಷ್ಟೇ ಬಲೆಯಿಂದ ವರ್ಗಾಯಿಸಬೇಕು. ಅಂಗಡಿಯ ನೀರನ್ನು ತೊಟ್ಟಿಗೆ ಸುರಿಯಕೂಡದು. ಎರಡು ವಾರಗಳ ಮೇಲೆ ಇನ್ನು ನಾಲ್ಕನ್ನು ತರಬಹುದು. ಹೆಣ್ಣುಗಳು ಗಾತ್ರದಲ್ಲಿ ದೊಡ್ಡವು, ಮರಿಹುಳುಗಳನ್ನು ಹೆಚ್ಚು ತಿನ್ನುತ್ತವೆ. ಆದರೆ ಒಮ್ಮೆ ಗಂಡಿನೊಡನೆ ಕೂಡಿದ ಹೆಣ್ಣು ತಿಂಗಳುಗಟ್ಟಲೆ ಮರಿ ಹಾಕಬಲ್ಲುದಾದ್ದರಿಂದ, ಹೆಣ್ಣುಗಳನ್ನಷ್ಟೇ ತಂದೆವೆಂಬ ಸಮಾಧಾನದಲ್ಲಿರುವವರಿಗೂ ಮರಿಗಳು ಕಾಣಿಸಿಕೊಳ್ಳುತ್ತವೆ. ಆಹಾರ ದಿನಕ್ಕೊಮ್ಮೆ, ಎರಡು ನಿಮಿಷಗಳೊಳಗೆ ತಿಂದು ಮುಗಿಸುವಷ್ಟು. ಒಬ್ಬ ವಿದ್ಯಾರ್ಥಿಗೆ ಮಾತ್ರ ಈ ಅಧಿಕಾರವಿರಲಿ. ತರಗತಿಗೆ ತರಗತಿಯೇ ಪ್ರೀತಿಯಿಂದ ಉಣಿಸತೊಡಗಿದರೆ ಅಮೋನಿಯ ಏರುತ್ತದೆ.

ಪ್ರಯೋಗದ ದಿನ ಮೀನಿಗೆ ಬೇರೆ ಆಹಾರ ಬೇಡ. ಮರಿಹುಳುಗಳನ್ನು ಚಹಾ ಸೋಸುವ ಜರಡಿಯಲ್ಲಿ ಹಿಡಿದು ಶುಭ್ರವಾದ ನೀರಿನಲ್ಲಿ ಜಾಲಾಡಿ, ಎರಡೂ ತೊಟ್ಟಿಗಳಿಗೆ ಐವತ್ತೈವತ್ತರಂತೆ ಎಣಿಸಿ ಬಿಟ್ಟು, ಗಂಟೆಗೊಮ್ಮೆ ಉಳಿದವನ್ನು ಎಣಿಸಿ ಬರೆದುಕೊಳ್ಳಬೇಕು. ಮೀನಿಲ್ಲದ ತೊಟ್ಟಿ ಪ್ರಯೋಗಕ್ಕೆ ಅತ್ಯಗತ್ಯವಾದರೂ ಅದನ್ನು ಮರೆತು ರಜೆಗೆ ಹೋದರೆ ಶಾಲೆಯೇ ಸೊಳ್ಳೆಯ ಉತ್ಪತ್ತಿಸ್ಥಾನವಾಗುತ್ತದೆ. ಅದರ ಮೇಲೆ ಸೊಳ್ಳೆಪರದೆಯ ಬಟ್ಟೆಯನ್ನು ಬಿಗಿಯಾಗಿ ಕಟ್ಟಿ, ಎಣಿಕೆ ಮುಗಿದ ದಿನವೇ ಉಳಿದ ಹುಳುಗಳನ್ನು ಜರಡಿಯಲ್ಲಿ ಹಿಡಿದು ಒಣನೆಲಕ್ಕೆ ಚೆಲ್ಲಿಬಿಡಿ.

ಸ್ಥಳಾಭಾವದಿಂದ ಉಳಿದುದನ್ನು ಸಂಕ್ಷೇಪಿಸುತ್ತೇನೆ. ನೀರಿಗೆ ಕೈಯಿಡುವ ಮೊದಲು ಪ್ಲಗ್ಗನ್ನು ತೆಗೆಯಿರಿ. ವಿದ್ಯುತ್ ತಂತಿ ಸಾಕೆಟ್ಟಿಗಿಂತ ಕೆಳಕ್ಕೆ ಜೋತು ಅನಂತರ ಮೇಲೇರಲಿ, ಆಗ ತಂತಿಯಗುಂಟ ಇಳಿದ ಹನಿ ಸಾಕೆಟ್ಟನ್ನು ಸೇರದೆ ಕೆಳಗೆ ಬೀಳುತ್ತದೆ. ಸೋರಿಕೆಯಾದರೆ ಪ್ರವಾಹವನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಕೋಣೆಯಲ್ಲಿ ತೊಟ್ಟಿಯನ್ನಿಡುವುದು ನನಗೆ ಒಪ್ಪಿಗೆಯಿಲ್ಲ. ಗಾಳಿಯ ಪಂಪು ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲವಾದರೆ ಕರೆಂಟು ಹೋದಾಗ ನೀರು ಕೊಳವೆಯೊಳಗಿಂದ ಪಂಪಿಗೆ ಹರಿಯುತ್ತದೆ. ಕರೆಂಟು ಬಹಳ ಹೊತ್ತು ಬಾರದಿದ್ದರೆ ಮಗ್ಗಿನಿಂದ ನೀರನ್ನು ಎತ್ತಿ ಎತ್ತಿ ಸುರಿಯಿರಿ. 25 ಡಿಗ್ರಿಯ ನೀರು ಲೀಟರಿಗೆ 8 ಮಿಲಿಗ್ರಾಮಿಗಿಂತ ತುಸು ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ 35 ಡಿಗ್ರಿಯಲ್ಲಿ ಅದು 7ರ ಹತ್ತಿರಕ್ಕಿಳಿಯುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೀಗ ಹಾಕಿದ ಶಾಲೆಯೊಳಗೆ ಮೀನಿಡುವುದು ಕ್ರೌರ್ಯ, ಮಾರ್ಚಿನೊಳಗೆ ಪ್ರಯೋಗ ಮುಗಿಯಲಿ. ಕೈಯಲ್ಲಿ ಗಾಯವಿರುವ ಮಕ್ಕಳು ನೀರನ್ನು ಮುಟ್ಟದಿರಲಿ, ಮುಟ್ಟಿದವರೆಲ್ಲ ಸಾಬೂನಿನಿಂದ ಕೈ ತೊಳೆಯಲಿ. ಮುಗಿದ ಮೇಲೆ ಮೀನುಗಳನ್ನು ಮುಲ್ಲಾಮಾರಿಗಾಗಲಿ ಕಾಗಿಣೆಗಾಗಲಿ ಚಂದ್ರಂಪಳ್ಳಿಯ ಜಲಾಶಯಕ್ಕಾಗಲಿ ಬಿಡಬೇಡಿ; ಗಪ್ಪಿ ದಕ್ಷಿಣ ಅಮೆರಿಕದಿಂದ ಬಂದದ್ದು, ಇಲ್ಲಿಯ ಹೊಳೆಯ ಸಣ್ಣ ಮೀನುಗಳ ಪಾಲನ್ನು ಅದು ಕಸಿಯುತ್ತದೆ. ಅವುಗಳನ್ನು ಮತ್ತೊಂದು ಶಾಲೆಗೆ ಕೊಡಿ, ಕೊಡುವಾಗ ಸ್ಪಂಜನ್ನೂ ಜೊತೆಗೆ ಕೊಡಿ, ದಯವಿಟ್ಟು ತೊಳೆಯದೆ.